ಹೈಡ್ರಾಲಿಕ್ ಸ್ಲೈಡ್‌ಗೆ ಲಿಮಿಟ್ ಸ್ವಿಚ್: ಆಯ್ಕೆಯಿಂದ ಪರೀಕ್ಷೆಯವರೆಗೆ ಸಮಗ್ರ ಮಾರ್ಗದರ್ಶಿ

ಹೈಡ್ರಾಲಿಕ್ ಸಿಲಿಂಡರ್‌ಗೆ ತಾನು ಎಲ್ಲಿದ್ದೇನೆ ಎಂಬುದು ಗೊತ್ತಿರುವುದಿಲ್ಲ. ವಾಲ್ವ್ ತೆರೆದಿರುವಷ್ಟು ಹೊತ್ತು ಅದು ತಳ್ಳುತ್ತಲೇ ಇರುತ್ತದೆ. ಅದು ತಳ್ಳುವ ಸ್ಲೈಡ್ (ಯಂತ್ರದ ಜಾರುವ ಭಾಗ) ಹೊರಟಿತೇ, ಜಾಬ್‌ನ (ಕೆಲಸ ಮಾಡಬೇಕಾದ ವಸ್ತುವಿನ) ಹತ್ತಿರ ಬಂದಿತೇ, ಪೂರ್ತಿ ಆಳ ಮುಟ್ಟಿತೇ, ವಾಪಸು ಬಂದು ಹೋಮ್‌ನಲ್ಲಿ (ಹೊರಟ ಜಾಗದಲ್ಲಿ) ನಿಂತಿತೇ ಎಂಬ ಪ್ರಶ್ನೆಗಳಿಗೆ ಉತ್ತರ ಹೊರಗಿನಿಂದ ಬರಬೇಕು. ಪೀಣ್ಯ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗಗಳ ಕಾರ್ಖಾನೆಗಳಲ್ಲಿ ಓಡುತ್ತಿರುವ ಅನೇಕ ಯಂತ್ರಗಳಲ್ಲಿ ಆ ಉತ್ತರ ಕೊಡುವುದು ಇಂದಿಗೂ ಮೆಕ್ಯಾನಿಕಲ್ ಲಿಮಿಟ್ ಸ್ವಿಚ್ಚೇ, ಎಂದರೆ ಚಲಿಸುವ ಭಾಗ ಬಂದು ಒತ್ತಿದಾಗ ಒಳಗಿನ ವಿದ್ಯುತ್ ಕಾಂಟ್ಯಾಕ್ಟ್ ಬದಲಾಗುವ ಸ್ವಿಚ್. ವಸ್ತು ಹತ್ತಿರವಿರುವುದನ್ನು ಮುಟ್ಟದೆಯೇ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್‌ಗಳು ಬಂದ ಮೇಲೂ ಅದು ಉಳಿದಿರುವುದಕ್ಕೆ ಗಟ್ಟಿಯಾದ ಕಾರಣಗಳಿವೆ. ಬೀಡು ಕಬ್ಬಿಣದ ಪುಡಿ ಮತ್ತು ಉಕ್ಕಿನ ಚಿಪ್ಸ್ ಇಂಡಕ್ಟಿವ್ ಸೆನ್ಸರ್‌ನ ಮುಖಕ್ಕೆ ಮೆತ್ತಿಕೊಂಡರೆ ಅದು ಲೋಹ ಎದುರಿಗಿದೆ ಎಂದೇ ತಿಳಿಯುತ್ತದೆ, ಆದರೆ ಲಿಮಿಟ್ ಸ್ವಿಚ್ಚಿನ ರೋಲರ್ ಲೀವರ್ (ತುದಿಯಲ್ಲಿ ಪುಟ್ಟ ಗಾಲಿಯಿರುವ ಸನ್ನೆ) ಅಷ್ಟಕ್ಕೇ ತಿರುಗುವುದಿಲ್ಲ. ಒಳಗಿನ ಕಾಂಟ್ಯಾಕ್ಟ್ ಬರಿಯ ಕಾಂಟ್ಯಾಕ್ಟ್ ಆದ್ದರಿಂದ 24 ವೋಲ್ಟ್ ಡಿಸಿಗೂ 230 ವೋಲ್ಟ್ ಎಸಿಗೂ ಅದನ್ನು ಬಳಸಬಹುದು. ಮುಖ್ಯವಾಗಿ, ಸ್ವಿಚ್ ಒತ್ತಿದೆಯೋ ಇಲ್ಲವೋ ಎಂಬುದನ್ನು ಮೆಂಟೆನೆನ್ಸ್‌ನವರು ಮೀಟರ್ ಹಿಡಿಯುವ ಮೊದಲೇ ಕಣ್ಣಿನಿಂದ ನೋಡಬಹುದು.

ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಯಂತ್ರವನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದು ಒಂದು ಡ್ರಿಲ್ಲಿಂಗ್ ಎಸ್‌ಪಿಎಂ, ಎಂದರೆ ಒಂದೇ ಕೆಲಸಕ್ಕೆಂದು ಮಾಡಿದ ವಿಶೇಷ ಯಂತ್ರ. ಅದರ ಸ್ಲೈಡ್‌ನ ಸ್ಟ್ರೋಕ್ 300 ಮಿ.ಮೀ. ರ‍್ಯಾಪಿಡ್‌ನಲ್ಲಿ (ಜಾಬ್‌ನ ಹತ್ತಿರ ಬರುವವರೆಗಿನ ವೇಗದ ಓಟದಲ್ಲಿ) ಸ್ಲೈಡ್ ನಿಮಿಷಕ್ಕೆ 6 ಮೀಟರ್, ಎಂದರೆ ಸೆಕೆಂಡಿಗೆ 100 ಮಿ.ಮೀ. ಓಡುತ್ತದೆ, ಫೀಡ್‌ನಲ್ಲಿ (ಡ್ರಿಲ್ ಕೊರೆಯುವಾಗ) ಸೆಕೆಂಡಿಗೆ 2 ಮಿ.ಮೀ. ಮಾತ್ರ. ಹೋಮ್, ರ‍್ಯಾಪಿಡ್ ಮುಗಿದು ಫೀಡ್ ಶುರುವಾಗುವ ಜಾಗ, ಪೂರ್ತಿ ಆಳ ಎಂಬ ಮೂರು ಸ್ಥಾನಗಳು ಪಿಎಲ್‌ಸಿಗೆ (ಯಂತ್ರವನ್ನು ನಡೆಸುವ ಕಂಪ್ಯೂಟರಿಗೆ) ತಿಳಿಯಬೇಕು. ಇವುಗಳ ಆಚೆಗೆ ಎರಡೂ ತುದಿಗಳಲ್ಲಿ ಓವರ್‌ಟ್ರಾವೆಲ್ ರಕ್ಷಣೆ, ಎಂದರೆ ಸ್ಲೈಡ್ ಮಿತಿ ಮೀರಿ ಓಡಿದರೆ ನಿಲ್ಲಿಸುವ ವ್ಯವಸ್ಥೆ, ಇರಬೇಕು.

ಹಂತ 1: ಪ್ರತಿ ಸ್ವಿಚ್ಚಿನ ಕೆಲಸವನ್ನು ಕಾಗದದ ಮೇಲೆ ಬರೆಯಿರಿ

ಸ್ವಿಚ್ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಪ್ರತಿ ಸ್ಥಾನದ ಎದುರಿಗೆ ಮೂರು ವಿಷಯಗಳನ್ನು ಬರೆಯಬೇಕು: ಆ ಜಾಗದಲ್ಲಿ ಸ್ಲೈಡ್‌ನ ವೇಗ ಎಷ್ಟು, ಸ್ವಿಚ್ ಒತ್ತಿದಾಗ ಯಂತ್ರ ಏನು ಮಾಡಬೇಕು, ಮತ್ತು ಆ ಸ್ವಿಚ್ಚಿನ ವೈರ್ ತುಂಡಾದರೆ ಏನಾಗುತ್ತದೆ. ಮೂರನೆಯ ಪ್ರಶ್ನೆಯನ್ನು ಬಹುತೇಕ ಡ್ರಾಯಿಂಗ್‌ಗಳು ಕೇಳುವುದೇ ಇಲ್ಲ. ಆದರೆ ಎನ್‌ಒ (ಒತ್ತಿದಾಗ ಸಿಗ್ನಲ್ ಕೊಡುವ ಕಾಂಟ್ಯಾಕ್ಟ್) ಹಾಕಬೇಕೇ ಎನ್‌ಸಿ (ಒತ್ತಿದಾಗ ಸಿಗ್ನಲ್ ಕಡಿಯುವ ಕಾಂಟ್ಯಾಕ್ಟ್) ಹಾಕಬೇಕೇ ಎಂಬುದನ್ನು ತೀರ್ಮಾನಿಸುವುದು ಅದೊಂದೇ.

ಹೋಮ್ ಸ್ವಿಚ್ಚನ್ನು ತೆಗೆದುಕೊಳ್ಳಿ. ಅದಕ್ಕೆ ಎನ್‌ಒ ಬಳಸಿದರೆ, ವೈರ್ ಕಿತ್ತುಹೋದಾಗ ಸ್ಲೈಡ್ ಹೋಮ್‌ಗೆ ಬಂದಿಲ್ಲ ಎಂದು ಪಿಎಲ್‌ಸಿ ತಿಳಿದು ಮುಂದಿನ ಸೈಕಲ್ ಶುರು ಮಾಡದೆ ಕಾಯುತ್ತದೆ. ಉತ್ಪಾದನೆ ನಿಲ್ಲುತ್ತದೆ, ಆದರೆ ಏನೂ ಒಡೆಯುವುದಿಲ್ಲ. ಪೂರ್ತಿ ಆಳದ ಸ್ವಿಚ್ಚಿಗೂ ಇದೇ ತರ್ಕ ಸಲ್ಲುತ್ತದೆ, ಏಕೆಂದರೆ ಮುಂದೆ ಹೇಳುವಂತೆ ಅಲ್ಲಿ ಸ್ಲೈಡನ್ನು ನಿಲ್ಲಿಸುವುದು ಸ್ವಿಚ್ ಅಲ್ಲ. ರ‍್ಯಾಪಿಡ್‌ನಿಂದ ಫೀಡ್‌ಗೆ ಬದಲಾಯಿಸುವ ಸ್ವಿಚ್ಚಿನ ವಿಷಯ ಬೇರೆ. ಅಲ್ಲಿ ಎನ್‌ಒ ಹಾಕಿ ವೈರ್ ತುಂಡಾದರೆ ವೇಗ ಇಳಿಸುವ ಸೂಚನೆ ಬರುವುದೇ ಇಲ್ಲ, ಸ್ಲೈಡ್ ಪೂರ್ಣ ರ‍್ಯಾಪಿಡ್‌ನಲ್ಲೇ ಹೋಗಿ ಡ್ರಿಲ್‌ಗಳನ್ನು ಜಾಬ್‌ಗೆ ಗುದ್ದುತ್ತದೆ. ಆದ್ದರಿಂದ ಈ ಸ್ವಿಚ್ಚಿಗೆ ಎನ್‌ಸಿ ಬಳಸಿ, ಸಿಗ್ನಲ್ ಇದ್ದರೆ ಮಾತ್ರ ರ‍್ಯಾಪಿಡ್ ಎಂದು ಲಾಜಿಕ್ ಬರೆಯಬೇಕು. ಆಗ ತುಂಡಾದ ವೈರ್ ಯಂತ್ರವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ಓವರ್‌ಟ್ರಾವೆಲ್ ಸ್ವಿಚ್ಚುಗಳೂ ಕಡ್ಡಾಯವಾಗಿ ಎನ್‌ಸಿ ಆಗಿರಬೇಕು. ಎಲ್ಲವನ್ನೂ ಎನ್‌ಒ ಮಾಡಿದರೆ ಲ್ಯಾಡರ್ (ಪಿಎಲ್‌ಸಿಯ ಪ್ರೋಗ್ರಾಂ) ಓದಲು ಸುಲಭ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಪ್ರೋಗ್ರಾಂ ಓದುವವರ ಅನುಕೂಲಕ್ಕಿಂತ ಯಂತ್ರದ ಎದುರು ನಿಂತವರ ಕ್ಷೇಮ ದೊಡ್ಡದು.

ಹಂತ 2: ಬಾಡಿ, ಹೆಡ್ ಮತ್ತು ಕಾಂಟ್ಯಾಕ್ಟ್ ಆಯ್ಕೆ

ನೇರವಾಗಿ ಜಾರುವ ಸ್ಲೈಡ್‌ಗೆ ರೋಲರ್ ಲೀವರ್ ಅಥವಾ ರೋಲರ್ ಪ್ಲಂಜರ್ ಹೆಡ್ ಸರಿಹೊಂದುತ್ತದೆ. ಜಾಗ ಇರುವಲ್ಲಿ ರೋಲರ್ ಲೀವರ್ ಉತ್ತಮ, ಏಕೆಂದರೆ ಸ್ಥಾನ ಸ್ವಲ್ಪ ತಪ್ಪಿದರೂ ಅದು ತಡೆದುಕೊಳ್ಳುತ್ತದೆ. ರೋಲರ್ ಇಲ್ಲದ ಪ್ಲಂಜರನ್ನು (ಒಳಕ್ಕೆ ತಳ್ಳುವ ಕಡ್ಡಿಯನ್ನು) ಅದರ ನೇರಕ್ಕೇ ಒತ್ತಬೇಕು. ಪಕ್ಕದಿಂದ ಉಜ್ಜುವ ಡಾಗ್‌ಗೆ (ಸ್ವಿಚ್ ಒತ್ತಲು ಸ್ಲೈಡ್‌ಗೆ ಬಿಗಿದ ಲೋಹದ ತುಂಡಿಗೆ) ಅದನ್ನು ಒಡ್ಡಿದರೆ ಬುಶ್ ಸವೆದು, ಆ ಸಂದಿನಿಂದಲೇ ಕೂಲೆಂಟ್ (ಕೊರೆಯುವಾಗ ತಂಪಾಗಿಸಲು ಸುರಿಯುವ ದ್ರವ) ಒಳಗೆ ಇಳಿಯುತ್ತದೆ. ಬಾಡಿಯಲ್ಲಿ ಎರಡು ಅಳತೆಗಳು ಎಲ್ಲೆಡೆ ಸಿಗುತ್ತವೆ: ಇಎನ್ 50041ರ ಪ್ರಕಾರದ 40 ಮಿ.ಮೀ. ಅಗಲದ ದೊಡ್ಡ ಬಾಡಿ ಮತ್ತು ಇಎನ್ 50047ರ ಪ್ರಕಾರದ 30 ಮಿ.ಮೀ. ಅಗಲದ ಚಿಕ್ಕದು. ಈ ಮಾನಕಗಳಿಗೆ ಒಪ್ಪುವ ಸ್ವಿಚ್ ಕೊಂಡರೆ ಒಂದು ಕಂಪನಿಯ ಮಾಲು ಸಿಗದಿದ್ದಾಗ ಇನ್ನೊಂದನ್ನು ಅದೇ ತೂತುಗಳಿಗೆ ಕೂರಿಸಬಹುದು. ಕೂಲೆಂಟ್ ಬೀಳುವ ಯಂತ್ರಕ್ಕೆ ಲೋಹದ ಬಾಡಿ ಮತ್ತು ಧೂಳು, ನೀರು ಒಳಗೆ ಹೋಗದಂತೆ ತಡೆಯುವ ಐಪಿ 67 ದರ್ಜೆಯನ್ನು ಆರಿಸಿ. ಆ ದರ್ಜೆಯನ್ನು 1 ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿ ಪರೀಕ್ಷಿಸಿರುತ್ತಾರೆಯೇ ಹೊರತು ವರ್ಷಗಟ್ಟಲೆ ಎಣ್ಣೆಯಲ್ಲಿ ನೆನೆಸಿ ಅಲ್ಲ ಎಂಬುದು ನೆನಪಿರಲಿ.

ಸ್ನ್ಯಾಪ್ ಆಕ್ಷನ್ ಮತ್ತು ಸ್ಲೋ ಆಕ್ಷನ್ ನಡುವಿನ ಆಯ್ಕೆ ಇದಕ್ಕಿಂತ ಮುಖ್ಯ. ನಮ್ಮ ಸ್ಲೈಡ್ ಫೀಡ್‌ನಲ್ಲಿ ಸೆಕೆಂಡಿಗೆ ಕೇವಲ 2 ಮಿ.ಮೀ. ಚಲಿಸುತ್ತದೆ. ಸ್ಲೋ ಆಕ್ಷನ್ ಸ್ವಿಚ್‌ನಲ್ಲಿ ಕಾಂಟ್ಯಾಕ್ಟ್‌ಗಳೂ ಅದೇ ನಿಧಾನದಲ್ಲಿ ಹತ್ತಿರವಾಗುತ್ತವೆ, ಕಂಪನದಿಂದ ಹಲವು ಬಾರಿ ತಾಗಿ ಬಿಡುತ್ತವೆ. ಸ್ನ್ಯಾಪ್ ಆಕ್ಷನ್‌ನಲ್ಲಿ ಲೀವರ್ ಎಷ್ಟೇ ನಿಧಾನವಾಗಿ ತಿರುಗಿದರೂ ಒಂದು ಬಿಂದುವಿನಲ್ಲಿ ಕಾಂಟ್ಯಾಕ್ಟ್ ಪಟ್ಟನೆ ಹಾರುತ್ತದೆ. ಆದ್ದರಿಂದ ಸ್ಥಾನ ತಿಳಿಯಲು ಅದನ್ನೇ ಬಳಸಬೇಕು. ಅದಕ್ಕೊಂದು ಬೆಲೆಯೂ ಇದೆ: ಮುಂದೆ ಹೋಗುವಾಗ ಹಾರಿದ ಕಾಂಟ್ಯಾಕ್ಟ್ ಹಿಂದೆ ಬರುವಾಗ ಅದೇ ಜಾಗದಲ್ಲಿ ಮರಳುವುದಿಲ್ಲ, ಸ್ವಲ್ಪ ಹಿಂದೆ ಸರಿದ ಮೇಲೆ ಮರಳುತ್ತದೆ. ಈ ವ್ಯತ್ಯಾಸ ಇರುವುದರಿಂದ ಯಾವುದೇ ಸ್ಥಾನವನ್ನು ಯಾವಾಗಲೂ ಒಂದೇ ದಿಕ್ಕಿನಿಂದ ಬಂದು ಅಳೆಯಬೇಕು.

ಕಾಂಟ್ಯಾಕ್ಟ್‌ನ ರೇಟಿಂಗ್ ನೋಡುವಾಗ ಹೆಚ್ಚಿನವರು ಗರಿಷ್ಠ ಕರೆಂಟ್ ಮಾತ್ರ ನೋಡುತ್ತಾರೆ. ಎ300 ಎಂದು ಬರೆದಿದ್ದರೆ 240 ವೋಲ್ಟ್ ಎಸಿಯಲ್ಲಿ 3 ಆಂಪಿಯರ್‌ನ ಕಾಯಿಲ್ ಲೋಡ್ ನಡೆಯುತ್ತದೆ. ಪಿಎಲ್‌ಸಿ ಇನ್‌ಪುಟ್‌ನಲ್ಲಿ ಕಷ್ಟ ಇದಕ್ಕೆ ತದ್ವಿರುದ್ಧ: ಅದು ಎಳೆಯುವುದು ಕೆಲವೇ ಮಿಲಿಆಂಪಿಯರ್, ಆ ಕರೆಂಟ್‌ನಲ್ಲಿ ಬೆಳ್ಳಿಯ ಕಾಂಟ್ಯಾಕ್ಟ್ ಮೇಲಿನ ಕಪ್ಪು ಪದರ ಸುಟ್ಟು ಸ್ವಚ್ಛವಾಗುವುದಿಲ್ಲ. ಅಪರೂಪಕ್ಕೆ ಮಾತ್ರ ಒತ್ತುವ ಸ್ವಿಚ್ ಆದರೆ ಚಿನ್ನದ ಲೇಪವಿರುವ ಕಾಂಟ್ಯಾಕ್ಟ್ ಕೇಳಿ ತೆಗೆದುಕೊಳ್ಳಿ. ಹಾಗೆಯೇ, ಒಮ್ಮೆ ಕಾಂಟ್ಯಾಕ್ಟರ್ ಕಾಯಿಲ್ ಓಡಿಸಿದ ಸ್ವಿಚ್ಚನ್ನು ಬಿಚ್ಚಿ ಪಿಎಲ್‌ಸಿಗೆ ಹಾಕಬೇಡಿ. ಆರ್ಕ್‌ನಿಂದ ಆ ಲೇಪ ಆಗಲೇ ಹೋಗಿರುತ್ತದೆ.

ಆಯಸ್ಸಿನ ಲೆಕ್ಕವನ್ನೂ ಇಲ್ಲೇ ಮಾಡಿಬಿಡಿ. ಒಳ್ಳೆಯ ಸ್ವಿಚ್ಚುಗಳ ಮೆಕ್ಯಾನಿಕಲ್ ಆಯಸ್ಸು ಸಾಮಾನ್ಯವಾಗಿ 1 ಕೋಟಿ ಸಲ ಎಂದಿರುತ್ತದೆ. ನಿಮಿಷಕ್ಕೆ 20 ಸ್ಟ್ರೋಕ್‌ನ ಪ್ರೆಸ್ ದಿನಕ್ಕೆ 16 ಗಂಟೆ ಓಡಿದರೆ ದಿನಕ್ಕೆ 19,200 ಸಲ, ಎಂದರೆ ಸುಮಾರು 520 ಕೆಲಸದ ದಿನಗಳಲ್ಲಿ ಅದು ಮುಗಿಯುತ್ತದೆ; ಅಂಥಲ್ಲಿ ಪ್ರಾಕ್ಸಿಮಿಟಿ ಸೆನ್ಸರ್ ಹಾಕುವುದೇ ಸರಿ. ನಿಮಿಷಕ್ಕೆ ಒಂದು ಸ್ಟ್ರೋಕ್‌ನ ನಮ್ಮ ಡ್ರಿಲ್ಲಿಂಗ್ ಯಂತ್ರದಲ್ಲಿ ಎಣಿಕೆ ಯಾವತ್ತೂ ಸಮಸ್ಯೆಯಾಗುವುದಿಲ್ಲ. ಅಲ್ಲಿ ಸ್ವಿಚ್ಚನ್ನು ಕೊಲ್ಲುವುದು ಕೂಲೆಂಟ್.

ಹಂತ 3: ಡಾಗ್ ತಯಾರಿಕೆ

ಸ್ವಿಚ್ ಆಯ್ಕೆಗೆ ಕೊಟ್ಟ ಗಮನದ ಅರ್ಧದಷ್ಟನ್ನೂ ಡಾಗ್‌ಗೆ ಕೊಡದಿರುವುದೇ ಅನೇಕ ತೊಂದರೆಗಳ ಮೂಲ. ರೋಲರನ್ನು ಎತ್ತುವ ಇಳಿಜಾರು ಸುಮಾರು 30 ಡಿಗ್ರಿ ಇರಲಿ. ವೇಗ ಹೆಚ್ಚಿದ್ದರೆ ಇನ್ನೂ ಕಡಿಮೆ ಮಾಡಿ. 90 ಡಿಗ್ರಿಯ ಚಪ್ಪಟೆ ಮುಖ ರೋಲರ್‌ಗೆ ಬಡಿದರೆ ಪ್ರತಿ ಸ್ಟ್ರೋಕ್‌ನಲ್ಲೂ ಅದು ಸುತ್ತಿಗೆಯ ಏಟೇ ಸರಿ, ಲೀವರ್‌ನ ಸ್ಕ್ರೂ ಸಡಿಲವಾಗಿ ಸ್ಥಾನ ಜಾರುತ್ತದೆ. ಡಾಗ್‌ನ ಹಿಂದಿನ ಅಂಚಿಗೂ ಇಳಿಜಾರು ಬೇಕು, ಇಲ್ಲವಾದರೆ ಲೀವರ್ ಸ್ಪ್ರಿಂಗ್‌ನ ಬಲದಿಂದ ಹಿಂದಕ್ಕೆ ರಪ್ಪನೆ ಬಡಿದು ಒಂದು ಸಲ ಬರಬೇಕಾದ ಸಿಗ್ನಲ್ ಎರಡು ಸಲ ಬರಬಹುದು. ಉಜ್ಜುವ ಮುಖವನ್ನು ಹಾರ್ಡನ್ ಮಾಡಿಸಿ ನುಣುಪಾಗಿಸಿ.

ಎತ್ತರವನ್ನು ಸ್ವಿಚ್ಚಿನ ಡೇಟಾ ಶೀಟ್ ನೋಡಿ ನಿರ್ಧರಿಸಬೇಕು. ಅದರಲ್ಲಿ ಕಾಂಟ್ಯಾಕ್ಟ್ ಹಾರುವ ಕೋನ ಮತ್ತು ಲೀವರ್ ತಿರುಗಬಹುದಾದ ಕೊನೆಯ ಕೋನ ಎರಡನ್ನೂ ಕೊಟ್ಟಿರುತ್ತಾರೆ. ಡಾಗ್ ಲೀವರನ್ನು ಇವೆರಡರ ನಡುವೆ, ಎರಡೂ ಕಡೆ ಧಾರಾಳ ಜಾಗ ಉಳಿಯುವಂತೆ ನಿಲ್ಲಿಸಬೇಕು. ಕಾಂಟ್ಯಾಕ್ಟ್ ಹಾರಿದ ತಕ್ಷಣವೇ ನಿಲ್ಲುವ ಹಾಗಿದ್ದರೆ ರೋಲರ್ ಸ್ವಲ್ಪ ಸವೆದರೂ ಸಿಗ್ನಲ್ ತಪ್ಪುತ್ತದೆ. ಕೊನೆಯ ಕೋನದವರೆಗೂ ತಿರುಗಿಸಿದರೆ ಒಳಗಿನ ಭಾಗ ಮುರಿಯುತ್ತದೆ.

ಉದ್ದಕ್ಕೆ ಸರಳ ಲೆಕ್ಕವಿದೆ. ಪಿಎಲ್‌ಸಿ ಇನ್‌ಪುಟ್‌ನ ಫಿಲ್ಟರ್ ಸಮಯಕ್ಕೆ (ಸಿಗ್ನಲ್ ನಿಜವೆಂದು ಒಪ್ಪುವ ಮೊದಲು ಅದು ಕಾಯುವ ಹೊತ್ತಿಗೆ) ಎರಡು ಸ್ಕ್ಯಾನ್ ಸಮಯ (ಪ್ರೋಗ್ರಾಂ ಒಂದು ಸುತ್ತು ಓಡುವ ಹೊತ್ತು) ಸೇರಿಸಿ, ಅದನ್ನು ವೇಗದಿಂದ ಗುಣಿಸಿ. ಫಿಲ್ಟರ್ 6 ಮಿಲಿಸೆಕೆಂಡ್, ಸ್ಕ್ಯಾನ್ 10 ಮಿಲಿಸೆಕೆಂಡ್ ಎಂದಾದರೆ ಒಟ್ಟು 26. ಸೆಕೆಂಡಿಗೆ 100 ಮಿ.ಮೀ. ವೇಗದಲ್ಲಿ ಅದು 2.6 ಮಿ.ಮೀ. ಅದಕ್ಕಿಂತ ಮೊಟಕಾದ ಡಾಗ್ ಹಾದುಹೋದದ್ದು ಪಿಎಲ್‌ಸಿಗೆ ತಿಳಿಯದೇ ಹೋಗಬಹುದು, ಆದ್ದರಿಂದ ಚಪ್ಪಟೆ ಭಾಗವನ್ನು ಕನಿಷ್ಠ 10 ಮಿ.ಮೀ. ಇಡಿ. ವೇಗ ಇಳಿಸುವ ಸ್ವಿಚ್ಚಿಗೆ ಮಾತ್ರ ಈ ಲೆಕ್ಕ ಸಾಲದು. ಅದರ ಡಾಗ್ ಫೀಡ್ ಶುರುವಾಗುವ ಜಾಗದಿಂದ ಪೂರ್ತಿ ಆಳದವರೆಗೂ ಲೀವರನ್ನು ಒತ್ತಿಯೇ ಹಿಡಿದಿರಬೇಕು. ಗಿಡ್ಡ ಡಾಗ್ ಹಾಕಿ, ಸಿಗ್ನಲ್ ಬಂದದ್ದನ್ನು ಪ್ರೋಗ್ರಾಂನಲ್ಲಿ ಲ್ಯಾಚ್ ಮಾಡಿ ನೆನಪಿಟ್ಟರೆ, ನಡುವೆ ಕರೆಂಟ್ ಹೋಗಿ ಬಂದಾಗ ಆ ನೆನಪು ಅಳಿದಿರುತ್ತದೆ; ಡ್ರಿಲ್ ಜಾಬ್‌ನ ಒಳಗಿರುವಾಗಲೇ ರ‍್ಯಾಪಿಡ್ ಸಿಕ್ಕಿಬಿಡುತ್ತದೆ. ಕರೆಂಟ್ ಆಗಾಗ ಹೋಗುವ ನಮ್ಮ ಊರುಗಳಲ್ಲಿ ಇದು ಕೇವಲ ಊಹೆಯ ಮಾತಲ್ಲ.

ಹಂತ 4: ಕೂರಿಸುವುದು

ಬ್ರ್ಯಾಕೆಟ್ ದಪ್ಪನೆಯ ಪ್ಲೇಟ್‌ನದಾಗಿರಲಿ. ತೆಳು ಶೀಟ್ ಬಗ್ಗಿಸಿ ಮಾಡಿದ್ದು ಯಂತ್ರದ ಕಂಪನಕ್ಕೆ ತಾನೂ ನಡುಗುತ್ತದೆ. ಉದ್ದ ತೂತುಗಳಿಂದ ಸ್ಥಾನ ಹೊಂದಿಸಿದ ಮೇಲೆ ಡೋವೆಲ್ ಪಿನ್ (ತೂತಿನಲ್ಲಿ ಬಿಗಿಯಾಗಿ ಕೂರುವ ಗೂಟ) ಹಾಕಿದರೆ ಬೋಲ್ಟ್ ಸಡಿಲವಾದರೂ ಸ್ವಿಚ್ ಸರಿಯುವುದಿಲ್ಲ. ಸ್ವಿಚ್ಚನ್ನು ಸ್ಲೈಡ್‌ನ ದಾರಿಯ ಪಕ್ಕದಲ್ಲಿ, ಡಾಗ್ ಅದನ್ನು ದಾಟಿ ಮುಂದೆ ಹೋಗಲು ಸಾಧ್ಯವಾಗುವಂತೆ ಇಡಬೇಕು. ಸ್ಲೈಡ್ ಬಂದು ಗುದ್ದಿ ನಿಲ್ಲುವ ಜಾಗದಲ್ಲಿ ಎಂದಿಗೂ ಇಡಬಾರದು. ಸ್ವಿಚ್ ಸ್ಟಾಪರ್ ಅಲ್ಲ. ನಿಲ್ಲಿಸುವ ಕೆಲಸಕ್ಕೆ ಉಕ್ಕಿನ ಹಾರ್ಡ್ ಸ್ಟಾಪ್ ಬೇರೆಯೇ ಇರಲಿ.

ಕೇಬಲ್ ಬರುವ ಬಾಯಿ ಕೆಳಮುಖವಾಗಿರಬೇಕು. ಅದು ಸಾಧ್ಯವಿಲ್ಲದಿದ್ದರೆ ಕೇಬಲನ್ನು ಗ್ಲ್ಯಾಂಡ್‌ಗಿಂತ (ಆ ಬಾಯಿಯಲ್ಲಿ ಕೇಬಲನ್ನು ಬಿಗಿದು ಹಿಡಿಯುವ ಸೀಲ್‌ಗಿಂತ) ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲೆ ತನ್ನಿ, ಕೇಬಲ್ ಮೇಲೆ ಹರಿದ ಎಣ್ಣೆ ಆ ಬಾಗಿನಿಂದ ತೊಟ್ಟಿಕ್ಕಿ ಬೀಳುತ್ತದೆ. ಗ್ಲ್ಯಾಂಡ್‌ನ ಅಳತೆ ಕೇಬಲ್‌ನ ದಪ್ಪಕ್ಕೆ ಹೊಂದಬೇಕು: ತೆಳು ಕೇಬಲ್‌ಗೆ ಇನ್ಸುಲೇಶನ್ ಟೇಪ್ ಸುತ್ತಿ ದೊಡ್ಡ ಗ್ಲ್ಯಾಂಡ್‌ಗೆ ತುರುಕಿದರೆ ಐಪಿ 67 ಎಂಬ ಬರಹ ಬಾಡಿಯ ಮೇಲೆ ಮಾತ್ರ ಉಳಿಯುತ್ತದೆ.

ಹಂತ 5: ವೈರಿಂಗ್

ನಾಲ್ಕು ಟರ್ಮಿನಲ್‌ನ ಸಾಮಾನ್ಯ ಸ್ವಿಚ್‌ನಲ್ಲಿ 13 ಮತ್ತು 14 ಎನ್‌ಒ, 21 ಮತ್ತು 22 ಎನ್‌ಸಿ. ಸಂಖ್ಯೆ ನೋಡಿದರೂ ಲೀವರ್ ಒತ್ತಿ ಬಿಟ್ಟು ಮಲ್ಟಿಮೀಟರ್‌ನಿಂದ ಒಮ್ಮೆ ಖಚಿತಪಡಿಸಿಕೊಳ್ಳಿ. ಲೋಹದ ಬಾಡಿಗೆ ಅರ್ಥ್ ವೈರ್ ಮರೆಯಬೇಡಿ.

ಪ್ಲಸ್ 24 ವೋಲ್ಟನ್ನು ಸ್ವಿಚ್ ಮೂಲಕ ಪಿಎಲ್‌ಸಿ ಇನ್‌ಪುಟ್‌ಗೆ ತಂದು, ಪವರ್ ಸಪ್ಲೈನ 0 ವೋಲ್ಟನ್ನು ಪ್ಯಾನೆಲ್‌ನ ಒಂದೇ ಜಾಗದಲ್ಲಿ ಅರ್ಥ್ ಮಾಡಿ. ಇದರ ಹಿಂದಿನ ಕಾರಣವನ್ನು ತಿಳಿದು ಮಾಡುವುದು ಒಳ್ಳೆಯದು. ಕೇಬಲ್ ಉಜ್ಜಿ ಅದರ ತಂತಿ ಯಂತ್ರದ ಬಾಡಿಗೆ ತಾಗಿತು ಎಂದುಕೊಳ್ಳಿ. ಈ ಜೋಡಣೆಯಲ್ಲಿ ಪ್ಲಸ್ ತಾಗಿದರೆ ಫ್ಯೂಸ್ ಹೋಗಿ ದೋಷ ಬಯಲಾಗುತ್ತದೆ. ಅದರ ಬದಲು 0 ವೋಲ್ಟ್ ಕಡೆಯಲ್ಲಿ ಸ್ವಿಚ್ ಇಟ್ಟಿದ್ದರೆ ಬಾಡಿಗೆ ತಾಗಿದ ತಂತಿಯು ಒತ್ತಿದ ಸ್ವಿಚ್ಚಿನಂತೆಯೇ ವರ್ತಿಸುತ್ತದೆ. ಸ್ಲೈಡ್ ಎಲ್ಲೋ ಇದ್ದರೂ ಹೋಮ್‌ನಲ್ಲಿದೆ ಎಂದು ಪಿಎಲ್‌ಸಿ ನಂಬುತ್ತದೆ. ಸ್ವಿಚ್ ಕೇಬಲನ್ನು ಮೋಟಾರ್ ಕೇಬಲ್‌ಗಳ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಸ್ವಿಚ್ಚಿನಿಂದ ನೇರವಾಗಿ ಡಿಸಿ ಸಾಲಿನಾಯ್ಡ್ (ವಾಲ್ವನ್ನು ಸರಿಸುವ ವಿದ್ಯುತ್ಕಾಂತ) ಓಡಿಸುವುದಾದರೆ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಲೇಬೇಕು.

ಹಂತ 6: ಪ್ರೋಗ್ರಾಂ

ಸಿಗ್ನಲ್ ಬಂದರೆ ಮುಂದಿನ ಹಂತಕ್ಕೆ ಹೋಗು ಎಂದಷ್ಟೇ ಬರೆದ ಪ್ರೋಗ್ರಾಂ ಅರೆಬರೆ. ಹೋಮ್ ಸ್ವಿಚ್ ವೈರ್ ತುಂಡಾದರೆ ಯಂತ್ರ ಕಾಯುತ್ತದೆ ಎಂದೆವು, ಆದರೆ ಲೀವರ್ ಒತ್ತಿದಲ್ಲೇ ಸಿಕ್ಕಿಕೊಂಡರೆ ಏನು? ಅದಕ್ಕಾಗಿ ಮುಂದಕ್ಕೆ ಹೋಗುವ ಆಜ್ಞೆ ಕೊಟ್ಟ ಮೇಲೆ 1 ಸೆಕೆಂಡಿನೊಳಗೆ ಹೋಮ್ ಸಿಗ್ನಲ್ ಹೋಗದಿದ್ದರೆ ಯಂತ್ರ ನಿಂತು ಅಲಾರಂ ಕೊಡಬೇಕು. ಹಾಗೆಯೇ ಹೋಮ್ ಮತ್ತು ಪೂರ್ತಿ ಆಳ ಎರಡೂ ಒಟ್ಟಿಗೆ ಬಂದರೆ ದೋಷವೆಂದೇ ತಿಳಿಯಬೇಕು, ಸ್ಲೈಡ್ ಏಕಕಾಲಕ್ಕೆ ಎರಡು ಕಡೆ ಇರಲಾರದು. ಪ್ರತಿ ಚಲನೆಗೂ ಸಾಮಾನ್ಯವಾಗಿ ಹಿಡಿಯುವ ಸಮಯಕ್ಕಿಂತ ತುಸು ಹೆಚ್ಚಿನ ಕಾವಲು ಟೈಮರ್ ಇಡಿ. ಸ್ವಿಚ್ಚಿನ ಬದಲು ಟೈಮರ್ ಬಳಸಿ, 3 ಸೆಕೆಂಡಾಯಿತು, ತಲುಪಿರಬೇಕು ಎಂದು ಸೈಕಲ್ ಮುಂದುವರಿಸುವುದನ್ನು ಮಾತ್ರ ಎಂದೂ ಮಾಡಬಾರದು; ಬೆಳಗಿನ ತಣ್ಣನೆಯ ಎಣ್ಣೆಯಲ್ಲಿ ಅದೇ ಚಲನೆಗೆ ಹೆಚ್ಚು ಹೊತ್ತು ಹಿಡಿಯುತ್ತದೆ.

ಹಂತ 7: ಹೊಂದಿಸುವುದು, ಅಳೆಯುವುದು

ಲಿಮಿಟ್ ಸ್ವಿಚ್ಚಿನ ನಿಖರತೆಯ ಬಗ್ಗೆ ಇರುವ ತಪ್ಪು ತಿಳಿವಳಿಕೆಯನ್ನು ಇಲ್ಲಿ ಬಿಡಿಸಬೇಕು. ಸ್ವಿಚ್ ತಾನು ಹಾರುವ ಬಿಂದುವನ್ನು ಬಹಳ ಚೆನ್ನಾಗಿ ಪುನರಾವರ್ತಿಸುತ್ತದೆ. ಸ್ಲೈಡ್ ನಿಲ್ಲುವ ಜಾಗ ಬದಲಾಗುವುದು ಅದರ ನಂತರದ ವಿಳಂಬದಿಂದ. ಫಿಲ್ಟರ್ 6, ಸ್ಕ್ಯಾನ್ 10, ಔಟ್‌ಪುಟ್ ರಿಲೇ 10, ಸಾಲಿನಾಯ್ಡ್ ವಾಲ್ವ್ 50 ಎಂದು ಹಿಡಿದರೆ ಸುಮಾರು 76 ಮಿಲಿಸೆಕೆಂಡ್. ರ‍್ಯಾಪಿಡ್‌ನಲ್ಲಿ ಅಷ್ಟು ಹೊತ್ತಿಗೆ ಸ್ಲೈಡ್ 7.6 ಮಿ.ಮೀ. ಮುಂದೆ ಹೋಗಿರುತ್ತದೆ, ಫೀಡ್‌ನಲ್ಲಿ ಕೇವಲ 0.15 ಮಿ.ಮೀ. ಈ ದೂರ ಪ್ರತಿ ಸಲವೂ ಒಂದೇ ಆಗಿದ್ದರೆ ಡಾಗ್ ಸರಿಸಿ ಸರಿಪಡಿಸಬಹುದಿತ್ತು. ಆದರೆ ಸಿಗ್ನಲ್ ಸ್ಕ್ಯಾನ್‌ನ ಯಾವ ಕ್ಷಣದಲ್ಲಿ ಬಂತು ಎಂಬುದರ ಮೇಲೆಯೇ 10 ಮಿಲಿಸೆಕೆಂಡ್ ಹೆಚ್ಚುಕಡಿಮೆಯಾಗುತ್ತದೆ, ಅದು ರ‍್ಯಾಪಿಡ್‌ನಲ್ಲಿ 1 ಮಿ.ಮೀ.; ಎಣ್ಣೆಯ ಬಿಸಿ ಏರಿಳಿದಂತೆ ವಾಲ್ವ್‌ನ ವರ್ತನೆಯೂ ಬದಲಾಗುತ್ತದೆ. ನಿಖರವಾಗಿ ನಿಲ್ಲಬೇಕಾದ ಜಾಗಕ್ಕೆ ನಿಧಾನವಾಗಿಯೇ ಬರಬೇಕು ಎಂಬುದು ಈ ಲೆಕ್ಕದಿಂದ ತಾನೇ ಹೊರಡುತ್ತದೆ. ಹೋಮ್‌ಗೆ ವಾಪಸು ಬರುವಾಗಲೂ ಇದು ಅನ್ವಯಿಸುತ್ತದೆ.

ತೂತಿನ ಆಳ 0.05 ಮಿ.ಮೀ.ಯೊಳಗೆ ಬರಬೇಕಿದ್ದರೆ ಸ್ವಿಚ್ಚಿನಿಂದ ಸ್ಲೈಡ್ ನಿಲ್ಲಿಸುವ ಪ್ರಯತ್ನ ಬೇಡ. ಸ್ಲೈಡ್ ಫೀಡ್‌ನಲ್ಲೇ ಹಾರ್ಡ್ ಸ್ಟಾಪ್‌ಗೆ ಹೋಗಿ ಒತ್ತಿ ನಿಲ್ಲಲಿ. ಪೂರ್ತಿ ಆಳದ ಲಿಮಿಟ್ ಸ್ವಿಚ್ ಅದಕ್ಕಿಂತ ಸ್ವಲ್ಪ ಮೊದಲೇ ಒತ್ತಿರಲಿ, ಸ್ಟಾಪ್‌ಗೆ ತಾಗಿ ಏರಿದ ಒತ್ತಡವನ್ನು ಪ್ರೆಶರ್ ಸ್ವಿಚ್ ಹೇಳಲಿ, ಎರಡೂ ಬಂದ ಮೇಲೆ ಅರ್ಧ ಸೆಕೆಂಡ್ ತಡೆದು ರಿಟರ್ನ್ ಕೊಡಿ. ಪ್ರೆಶರ್ ಸ್ವಿಚ್ ಒಂದನ್ನೇ ನಂಬಿದರೆ ಮೊಂಡಾದ ಡ್ರಿಲ್‌ನಿಂದ ಏರಿದ ಒತ್ತಡವನ್ನೂ ಯಂತ್ರ ಪೂರ್ತಿ ಆಳ ಎಂದು ತಿಳಿದೀತು.

ಹೊಂದಿಸುವಾಗ ಮೊದಲು ಇಂಚಿಂಗ್‌ನಲ್ಲಿ (ಗುಂಡಿ ಒತ್ತಿ ಸ್ವಲ್ಪ ಸ್ವಲ್ಪವಾಗಿ) ಸ್ಲೈಡ್ ಸರಿಸಿ, ಇನ್‌ಪುಟ್ ಕಾರ್ಡಿನ ಎಲ್‌ಇಡಿ ನೋಡುತ್ತ ಡಾಗ್ ಬಿಗಿಯಿರಿ. ನಂತರ ಹೋಮ್‌ನಲ್ಲಿ ಡಯಲ್ ಗೇಜ್ ಇಟ್ಟು ಪೂರ್ಣ ವೇಗದ ಸೈಕಲ್‌ಗಳನ್ನು ಓಡಿಸಿ, ಪ್ರತಿ ಸಲದ ರೀಡಿಂಗ್ ಬರೆದುಕೊಳ್ಳಿ. ಯಂತ್ರ ತಣ್ಣಗಿರುವಾಗ ಒಮ್ಮೆ, ಎಣ್ಣೆ ಬಿಸಿಯಾದ ಮೇಲೆ ಇನ್ನೊಮ್ಮೆ ಇದನ್ನು ಮಾಡಬೇಕು. ಎಲ್ಲ ಸರಿಯಾದ ಮೇಲೆ ಬೋಲ್ಟ್ ಮತ್ತು ಬ್ರ್ಯಾಕೆಟ್ ಎರಡರ ಮೇಲೂ ಹಾದುಹೋಗುವಂತೆ ಒಂದು ಪೇಂಟ್ ಗೆರೆ ಎಳೆಯಿರಿ. ಸಡಿಲವಾದದ್ದು ದೂರದಿಂದಲೇ ಕಾಣುತ್ತದೆ.

ಸಿಎನ್‌ಸಿಯಲ್ಲಿ ಸ್ವಿಚ್ಚಿನ ಪಾತ್ರ

ಎನ್‌ಕೋಡರ್ (ಮೋಟಾರ್ ಎಷ್ಟು ತಿರುಗಿತೆಂದು ಅಳೆಯುವ ಸಾಧನ) ಇರುವ ಯಂತ್ರದಲ್ಲಿ ರೆಫರೆನ್ಸ್ ಸ್ವಿಚ್ ಸ್ಥಾನವನ್ನು ಅಳೆಯುವುದಿಲ್ಲ, ಎನ್‌ಕೋಡರ್ ಸುತ್ತಿಗೊಮ್ಮೆ ಕೊಡುವ ಮಾರ್ಕರ್ ಪಲ್ಸ್‌ಗಳಲ್ಲಿ ಯಾವುದನ್ನು ಎಣಿಸಬೇಕು ಎಂದು ತೋರಿಸುತ್ತದೆ. ಬಾಲ್ ಸ್ಕ್ರೂ ಪಿಚ್ 10 ಮಿ.ಮೀ. ಇದ್ದು ಮೋಟಾರ್ ನೇರ ಜೋಡಣೆಯಾಗಿದ್ದರೆ ಪ್ರತಿ 10 ಮಿ.ಮೀ.ಗೆ ಒಂದು ಮಾರ್ಕರ್ ಬರುತ್ತದೆ. ಸ್ವಿಚ್ ಎರಡು ಮಾರ್ಕರ್‌ಗಳ ಸರಿ ನಡುವೆ ಬದಲಾಗುವಂತೆ ಡಾಗ್ ಹೊಂದಿಸಬೇಕು. ಮಾರ್ಕರ್‌ನ ತೀರ ಹತ್ತಿರ ಬದಲಾಗುತ್ತಿದ್ದರೆ, ಒಂದು ದಿನ ಸರಿ ಇದ್ದ ರೆಫರೆನ್ಸ್ ಇನ್ನೊಂದು ದಿನ ಕರಾರುವಾಕ್ಕಾಗಿ 10 ಮಿ.ಮೀ. ತಪ್ಪಿರುತ್ತದೆ. ತಪ್ಪು ಪಿಚ್‌ನಷ್ಟೇ ಇದ್ದರೆ ಡ್ರೈವ್ ಬಿಚ್ಚುವ ಮೊದಲು ಡಾಗ್ ನೋಡಿ.

ಹಂತ 8: ಗಾರ್ಡ್ ಮತ್ತು ಓವರ್‌ಟ್ರಾವೆಲ್

ಮನುಷ್ಯರ ಕೈ ಉಳಿಸುವ ಕೆಲಸಕ್ಕೆ ಯಾವ ಲಿಮಿಟ್ ಸ್ವಿಚ್ ಆದರೂ ನಡೆಯುವುದಿಲ್ಲ. ವೃತ್ತದೊಳಗೆ ಬಾಣದ ಗುರುತಿರುವ, ಪಾಸಿಟಿವ್ ಓಪನಿಂಗ್ ಸ್ವಿಚ್ ಬೇಕು. ಅದರಲ್ಲಿ ಎನ್‌ಸಿ ಕಾಂಟ್ಯಾಕ್ಟ್ ಅಂಟಿಕೊಂಡಿದ್ದರೂ ಲೀವರ್‌ನ ಬಲ ಸ್ಪ್ರಿಂಗ್ ಇಲ್ಲದೆ ನೇರವಾಗಿ ಅದನ್ನು ಕಿತ್ತು ತೆರೆಯುತ್ತದೆ. ಸ್ವಿಚ್ ಇಡುವ ರೀತಿಯೂ ಅಷ್ಟೇ ಮುಖ್ಯ: ಗಾರ್ಡ್ (ಯಂತ್ರದ ರಕ್ಷಣಾ ಬಾಗಿಲು) ತೆರೆದಾಗ ಸ್ವಿಚ್ ಒತ್ತಬೇಕೇ ಹೊರತು ಮುಚ್ಚಿದಾಗ ಅಲ್ಲ. ಮುಚ್ಚಿದಾಗ ಒತ್ತುವ ಹಾಗಿದ್ದರೆ ಲೀವರಿಗೆ ಒಂದು ತುಂಡು ತಂತಿ ಕಟ್ಟಿದರೆ ಗಾರ್ಡ್ ಇದ್ದೂ ಇಲ್ಲದಂತಾಗುತ್ತದೆ. ಟಾರ್ಗೆಟ್‌ನ ಒತ್ತಡದಲ್ಲಿ ಹಾಗೆ ಕಟ್ಟುವುದು ನಡೆದೇ ಇದೆ, ಮತ್ತು ಅದರ ಬೆಲೆಯನ್ನು ತೆರುವುದು ಬೆರಳುಗಳು. ಪ್ಲೇಟ್‌ನ ಒಳಮುಖಕ್ಕೆ ಸ್ವಿಚ್ ಹಾಕಿ, ಸಾಮಾನ್ಯ ಸ್ಕ್ರೂಡ್ರೈವರ್‌ಗೆ ಬಿಚ್ಚದ ಸ್ಕ್ರೂ ಬಳಸಿ. ಈ ಸಿಗ್ನಲ್ ಸಾಮಾನ್ಯ ಪಿಎಲ್‌ಸಿ ಇನ್‌ಪುಟ್‌ಗೆ ಮಾತ್ರ ಹೋಗದೆ ಸೇಫ್ಟಿ ರಿಲೇ ಮೂಲಕ ವಾಲ್ವ್‌ನ ಪವರನ್ನೇ ಕಡಿಯಬೇಕು. ಓವರ್‌ಟ್ರಾವೆಲ್ ಸ್ವಿಚ್ಚನ್ನೂ ಪ್ರೋಗ್ರಾಂ ಮೇಲೆ ಅವಲಂಬಿಸದೆ ವೈರಿಂಗ್‌ನಲ್ಲೇ ಜೋಡಿಸಿ. ಸ್ಲೈಡ್‌ನ ದಾರಿಯ ಕಟ್ಟಕಡೆಯ ತುದಿಗೂ ಅದಕ್ಕೂ ನಡುವೆ ಸ್ಲೈಡ್ ನಿಲ್ಲಲು ಬೇಕಾದ ದೂರ ಬಿಡಿ.

ದೋಷ ಹುಡುಕುವಾಗ

ಆಗೊಮ್ಮೆ ಈಗೊಮ್ಮೆ ಸಿಗ್ನಲ್ ತಪ್ಪುತ್ತಿದ್ದರೆ ಮೊದಲು ಸ್ವಿಚ್ಚಿನ ಮುಚ್ಚಳ ತೆಗೆದು ನೋಡಿ. ಒಳಗೆ ಹಾಲಿನ ಬಣ್ಣದ ಕೂಲೆಂಟ್ ನಿಂತಿದ್ದರೆ ಗ್ಲ್ಯಾಂಡ್ ಅಥವಾ ಮುಚ್ಚಳದ ರಬ್ಬರ್ ಹೋಗಿದೆ ಎಂದರ್ಥ. ಸ್ವಿಚ್ ಮಾತ್ರ ಬದಲಿಸಿದರೆ ಹೊಸದೂ ಹಾಗೆಯೇ ಹಾಳಾಗುತ್ತದೆ. ಒಣಗಿದ್ದರೆ, ಕಾಂಟ್ಯಾಕ್ಟ್ ಮುಚ್ಚಿರುವಾಗ ಅದರ ಎರಡು ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. ಅದು ಸೊನ್ನೆಯ ಹತ್ತಿರವಿರಬೇಕು. 1 ವೋಲ್ಟ್‌ಗಿಂತ ಹೆಚ್ಚು ಕಂಡರೆ ಕಾಂಟ್ಯಾಕ್ಟ್ ಕೆಟ್ಟಿದೆ. ಪವರ್ ತೆಗೆದು ಮಾಡುವ ಕಂಟಿನ್ಯುಟಿ ಪರೀಕ್ಷೆಯಲ್ಲಿ ಬೀಪ್ ಬರುವ ಕಾಂಟ್ಯಾಕ್ಟ್ ಕೂಡ ಈ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ಕೇಬಲನ್ನು ಗ್ಲ್ಯಾಂಡ್ ಬಳಿ ಹಿಡಿದು ಮೆಲ್ಲನೆ ಅಲುಗಾಡಿಸುತ್ತ ಎಲ್‌ಇಡಿ ನೋಡಿ, ಒಳಗೇ ತುಂಡಾದ ತಂತಿ ಹೀಗೆಯೇ ಗೊತ್ತಾಗುತ್ತದೆ. ಇನ್‌ಸುಲೇಶನ್ ನೋಡಲು ಮೆಗ್ಗರ್ (ಹೆಚ್ಚಿನ ವೋಲ್ಟೇಜ್ ಕೊಟ್ಟು ಪರೀಕ್ಷಿಸುವ ಮೀಟರ್) ಬಳಸುವುದಾದರೆ ಪಿಎಲ್‌ಸಿ ಕಡೆಯ ವೈರ್ ಬಿಚ್ಚಿಯೇ ಬಳಸಬೇಕು.

ಸ್ವಿಚ್ ಬದಲಿಸುವ ಮೊದಲು ಲೀವರ್‌ನ ಕೋನ ಕಾಣುವಂತೆ ಫೋಟೊ ತೆಗೆದುಕೊಳ್ಳಿ, ಏಕೆಂದರೆ ಲೀವರ್ ಶಾಫ್ಟ್ ಮೇಲೆ ಯಾವ ಕೋನದಲ್ಲಿ ಬೇಕಾದರೂ ಕೂರುತ್ತದೆ. ಹೊಸದನ್ನು ಹಾಕಿದ ಮೇಲೆ ಯಂತ್ರವನ್ನು ನೇರವಾಗಿ ಆಟೋದಲ್ಲಿ ಬಿಡಬೇಡಿ; ಇಂಚಿಂಗ್‌ನಲ್ಲಿ ಪೂರ್ತಿ ಸ್ಟ್ರೋಕ್ ಒಮ್ಮೆ ನಡೆಸಿ, ಡಯಲ್ ಗೇಜ್ ರೀಡಿಂಗನ್ನು ಮೊದಲು ಬರೆದಿಟ್ಟ ಹಾಳೆಯ ಜೊತೆ ಹೋಲಿಸಿ, ಆಮೇಲೆ ಆಪರೇಟರ್‌ಗೆ ಯಂತ್ರ ಒಪ್ಪಿಸಿ.